ಇಳಿಜಾರಿನಲ್ಲಿ ನಿಂತ ಟ್ರ್ಯಾಕ್ಟರು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹಳೆಯ ಟ್ರ್ಯಾಕ್ಟರು ನಿಂತ ಜಾಗ ನೋಡಿಯೇ ಅದರ ಬ್ಯಾಟರಿಯ ಆರೋಗ್ಯ ಹೇಳಬಹುದು. ಅಂಗಳದಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ನಿಂತಿದ್ದರೆ ಸೆಲ್ಫ್ ಹೊಡೆಯುತ್ತದೆ ಎಂದರ್ಥ. ಮನೆಯಿಂದ ನೂರು ಮಾರು ಆಚೆ, ರಸ್ತೆಯ ಏರಿನಲ್ಲಿ ಮೂತಿ ಕೆಳಗೆ ಮಾಡಿಕೊಂಡು, ಚಕ್ರದ ಮುಂದೆ ಒಂದು ಜಂಬಿಟ್ಟಿಗೆ ಕಲ್ಲು ಇಟ್ಟುಕೊಂಡು ನಿಂತಿದ್ದರೆ ಬ್ಯಾಟರಿ ಮಲಗಿದೆ. ಬೆಳಿಗ್ಗೆ ಕಲ್ಲು ತೆಗೆದು, ನಾಲ್ಕು ಮಾರು ಉರುಳಲು ಬಿಟ್ಟು, ಗೇರಿನಲ್ಲಿ ಕ್ಲಚ್ ಬಿಟ್ಟರೆ ಒಮ್ಮೆ ಮುಗ್ಗರಿಸಿದಂತಾಗಿ ಎಂಜಿನ್ ಎದ್ದುಬಿಡುತ್ತದೆ. ಮತ್ತೆ ಸಂಜೆ ಅದೇ ಏರು, ಅದೇ ಕಲ್ಲು.

ಹಳೆಯ ಡೀಸೆಲ್ ಎಂಜಿನ್ನಿಗೆ ಓಡುವುದಕ್ಕೆ ಕರೆಂಟು ಬೇಡ. ಪೆಟ್ರೋಲ್ ಗಾಡಿಯಂತೆ ಕಿಡಿ ಹಾರಿಸುವ ಪ್ಲಗ್ಗು ಅದಕ್ಕಿಲ್ಲ. ಗಾಳಿಯನ್ನು ಅದುಮಿದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ನಿಲ್ಲಿಸಲೂ ಬೇಡ, ಸ್ಟಾಪರ್ ಎಳೆದರೆ ಪಂಪಿನಿಂದ ಎಣ್ಣೆ ಬರುವುದು ನಿಂತು ಎಂಜಿನ್ ಸುಮ್ಮನಾಗುತ್ತದೆ. ಕರೆಂಟು ಬೇಕಾಗುವುದು ಎರಡೇ ಕೆಲಸಕ್ಕೆ: ಚಾಲೂ ಮಾಡಲು, ಕತ್ತಲಲ್ಲಿ ದಾರಿ ಕಾಣಲು. ಮೊದಲನೆಯದಕ್ಕೆ ಮಲೆನಾಡಿನ ಗುಡ್ಡಗಳು ಪುಕ್ಕಟೆ ಪರಿಹಾರ ಕೊಟ್ಟಿವೆ. ಎರಡನೆಯದಕ್ಕೆ ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗದೆ ಗತಿಯಿಲ್ಲ. ಕರೆಂಟು ಹುಟ್ಟಿಸುವ ಹಳೆಯ ಡೈನಮೋ ಇಳಿಸಿ, ಅದರ ಜಾಗಕ್ಕೆ ಆಲ್ಟರ್ನೇಟರ್ ಏರಿಸಿಕೊಡುವ ಆ ಕಸುಬಿನ ಚರಿತ್ರೆಯನ್ನು ಯಾರೂ ಬರೆದಿಟ್ಟಂತೆ ಕಾಣುವುದಿಲ್ಲ. ಅಂಗಡಿಯ ಮೂಲೆಯಲ್ಲಿ ರಾಶಿಬಿದ್ದ ತಾಮ್ರದ ಸುರುಳಿ, ಸವೆದ ಕಾರ್ಬನ್ ಬ್ರಷ್ಷು, ಕಿಲುಬು ಹಿಡಿದ ಕಟೌಟುಗಳೇ ಅದರ ದಫ್ತರ.

ಈ ಮೂರು ತಾಲ್ಲೂಕುಗಳಿಗೂ ವಿದ್ಯುತ್ತಿಗೂ ಇರುವ ಸಂಬಂಧ ಸ್ವಲ್ಪ ವಿಚಿತ್ರದ್ದು. ಸಾಗರ ತಾಲ್ಲೂಕಿನ ಜೋಗದಲ್ಲಿ 1948ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಈಗ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ ಎಂಬ ಹೆಸರು ಹೊತ್ತಿರುವ ಅದರ ಮೂಲ ಸಾಮರ್ಥ್ಯ 120 ಮೆಗಾವ್ಯಾಟ್. ಅದಕ್ಕೆ ನೀರು ನಿಲ್ಲಿಸಿದ ಹಿರೇಭಾಸ್ಕರ ಅಣೆಕಟ್ಟೆಯನ್ನೇ 1964ರಲ್ಲಿ ಲಿಂಗನಮಕ್ಕಿಯ ನೀರು ನುಂಗಿತು. ಶರಾವತಿ ಕೇಂದ್ರದ ಹತ್ತು ಯಂತ್ರಗಳು ಸೇರಿ 1,035 ಮೆಗಾವ್ಯಾಟ್. ಹೊಸನಗರ ತಾಲ್ಲೂಕಿನಲ್ಲಿ ಮಾಣಿ, ಚಕ್ರಾ, ಸಾವೇಹಕ್ಲು ಅಣೆಕಟ್ಟುಗಳು ಎದ್ದವು. ಮಾಣಿಯ ನೀರು ಘಟ್ಟದ ಹೊಟ್ಟೆಯೊಳಗಿಳಿದು ವಾರಾಹಿಯ ನೆಲದಡಿಯ ಕೇಂದ್ರದಲ್ಲಿ ಕರೆಂಟಾಯಿತು. ರಾಜ್ಯದ ಕಾರ್ಖಾನೆಗಳಿಗೆ, ಬೆಂಗಳೂರಿನ ಬೀದಿದೀಪಗಳಿಗೆ ತಂತಿ ಎಳೆದದ್ದು ಇಲ್ಲಿಂದ. ಆ ತಂತಿಗಳ ಕೆಳಗೇ ಗದ್ದೆ ಹೂಡುತ್ತಿದ್ದ ಎಷ್ಟೋ ಮನೆಗಳಲ್ಲಿ ದಶಕಗಳ ಕಾಲ ಚಿಮಣಿಬುಡ್ಡಿಯೇ ಉರಿಯಿತು. ಮುಳುಗಡೆಯಾಗಿ ಹಿನ್ನೀರಿನ ಆಚೆ ದಡಕ್ಕೆ ಸಿಕ್ಕಿಬಿದ್ದ ತುಮರಿ ಕಡೆಯವರಿಗಂತೂ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೀಗಾಗಿ ವಿದ್ಯುತ್ತನ್ನು ಕೈಯಲ್ಲಿ ಹಿಡಿದು, ಬಿಚ್ಚಿ, ಜೋಡಿಸುವ ವಿದ್ಯೆ ಈ ಊರುಗಳಿಗೆ ಕಂಬದ ಮೇಲಿಂದ ಇಳಿದದ್ದು ಕಡಿಮೆ. ಅದು ಬಂದದ್ದು ಗಾಲಿಗಳ ಮೇಲೆ.

ಮೊದಲಿಗೆ ಎರಡು ಗಾಲಿ. ಸೈಕಲ್ಲಿನ ಟೈರಿಗೆ ಒತ್ತಿಕೊಂಡು ತಿರುಗುವ ಬಾಟಲಿಯಾಕಾರದ ಪುಟ್ಟ ಯಂತ್ರವನ್ನು ಊರವರೆಲ್ಲ ಡೈನಮೋ ಎಂದೇ ಕರೆದರು. ಪೆಡಲ್ ತುಳಿದಷ್ಟೂ ಬೆಳಕು, ನಿಂತರೆ ಕತ್ತಲೆ. ಏರಿನಲ್ಲಿ ದೀಪ ಮಂಕು, ಇಳಿಜಾರಿನಲ್ಲಿ ಪ್ರಖರ. ಯಂತ್ರ ತಿರುಗಿದರೆ ಕರೆಂಟು ಹುಟ್ಟುತ್ತದೆ ಎನ್ನುವುದನ್ನು ಮಲೆನಾಡಿನ ಹುಡುಗರು ಶಾಲೆಯ ಪುಸ್ತಕಕ್ಕಿಂತ ಮೊದಲು ಇದರಿಂದ ಕಲಿತರು. ಇಲ್ಲೊಂದು ತಮಾಷೆ ಇದೆ. ಸೈಕಲ್ಲಿನ ಡೈನಮೋ ನಿಜವಾಗಿ ಡೈನಮೋ ಅಲ್ಲ. ಅದರೊಳಗೆ ತಿರುಗುವುದು ಅಯಸ್ಕಾಂತ, ಸುರುಳಿ ನಿಂತೇ ಇರುತ್ತದೆ, ಹೊರಬರುವುದು ಎ.ಸಿ. ಕರೆಂಟು. ಅಂದರೆ ಅದು ಒಂದು ಮರಿ ಆಲ್ಟರ್ನೇಟರ್. ಜೋಗದ ಗುಂಡಿಯಲ್ಲಿ ನೀರಿನ ಹೊಡೆತಕ್ಕೆ ತಿರುಗುವ ದೈತ್ಯ ಯಂತ್ರಗಳೂ ಆಲ್ಟರ್ನೇಟರುಗಳೇ. ತೀರ ದೊಡ್ಡದೂ ತೀರ ಚಿಕ್ಕದೂ ಈ ನೆಲದಲ್ಲಿ ಮೊದಲೇ ಇದ್ದವು. ನಡುವಿನದ್ದು, ಟ್ರ್ಯಾಕ್ಟರಿನ ಎಂಜಿನ್ ಪಕ್ಕ ಕೂರುವಂಥದ್ದು, ಬರಲು ಮಾತ್ರ ಇನ್ನೂ ಕಾಲ ಹಿಡಿಯಿತು.

ಆಮೇಲೆ ಬಸ್ಸು, ಲಾರಿ. ಘಟ್ಟ ಇಳಿಯುವ ಲಾರಿಗಳು, ಸಾಗರದ ಗಜಾನನ ಬಸ್ಸುಗಳು, ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿಕೊಂಡ ಸಹಕಾರ ಸಾರಿಗೆಯ ಬಸ್ಸುಗಳು: ಬೆಳಗಿನ ಜಾವ ಹೊರಟು ರಾತ್ರಿ ತಂಗುವ ಈ ಗಾಡಿಗಳಿಗೆ ದೀಪವಿಲ್ಲದೆ ನಡೆಯುತ್ತಿರಲಿಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮಳೆಗಾಲದ ಮಂಜಿನಲ್ಲಿ ಇಳಿಸುವ ಡ್ರೈವರಿಗೆ ಬ್ರೇಕಿನಷ್ಟೇ ಹೆಡ್‌ಲೈಟೂ ಮುಖ್ಯ. ಬಸ್‌ಸ್ಟ್ಯಾಂಡಿನ ಹಿಂದೆ, ಪೆಟ್ರೋಲ್ ಬಂಕಿನ ಎದುರು, ರಿಪ್ಪನ್‌ಪೇಟೆಯಂಥ ಕೂಡುರಸ್ತೆಗಳಲ್ಲಿ ಬ್ಯಾಟರಿ ಚಾರ್ಜ್ ಮಾಡಿಕೊಡುವ, ಸೆಲ್ಫ್ ಮೋಟರ್ ಬಿಚ್ಚುವ ಅಂಗಡಿಗಳು ತೆರೆದದ್ದು ಇಂಥ ಗಿರಾಕಿಗಳನ್ನು ನಂಬಿ. ಅಲ್ಲಿ ಕೈ ಪಳಗಿಸಿಕೊಂಡವರ ಬಳಿಗೇ ಮುಂದೆ ಟ್ರ್ಯಾಕ್ಟರುಗಳೂ ಬಂದವು.

ಟ್ರ್ಯಾಕ್ಟರು ಮಲೆನಾಡಿಗೆ ತಡವಾಗಿ ಬಂತು. ಕಣಿವೆಯ ಸಣ್ಣ ಸಣ್ಣ ಗದ್ದೆ, ಎತ್ತರದ ಅಂಚು, ಕಾಲುದಾರಿಗಿಂತ ಸ್ವಲ್ಪ ಅಗಲದ ರಸ್ತೆ. ಬಯಲುಸೀಮೆಯ ಯಂತ್ರಕ್ಕೆ ಇಲ್ಲಿ ತಿರುಗಲೂ ಜಾಗವಿಲ್ಲ. ಜಾಗಕ್ಕಿಂತ ಮುಖ್ಯವಾದ ಪ್ರಶ್ನೆ, ಗದ್ದೆ ಯಾರದ್ದು ಎನ್ನುವುದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಈ ಭಾಗದಿಂದಲೇ ಶಾಸನಸಭೆಗೆ ಹೋದರು. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಉಳುವವನ ಹೆಸರಿಗೆ ಹೊಲ ಬಂದಮೇಲೆ, ಅದೇ ಹೊಲಕ್ಕೆ ಯಂತ್ರ ತರಬೇಕೆ ಎಂದು ಯೋಚಿಸುವವನೂ ಉಳುವವನೇ ಆದ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬ್ಯಾಂಕಿನ ಸಾಲ ಎಲ್ಲಿಂದ ಬರಬೇಕು?

ಯಂತ್ರಗಳೂ ಅಷ್ಟರಲ್ಲಿ ದೇಶದೊಳಗೇ ತಯಾರಾಗುತ್ತಿದ್ದವು. ಫರೀದಾಬಾದಿನಲ್ಲಿ ಐಷರ್ 1959ರಲ್ಲಿ, ಮದರಾಸಿನಲ್ಲಿ ಟಾಫೆಯ ಮ್ಯಾಸಿ ಫರ್ಗ್ಯುಸನ್ ಅದರ ಬೆನ್ನಿಗೇ ಬಂದವು. ಮಹೀಂದ್ರ ಕಂಪನಿ ಇಂಟರ್‌ನ್ಯಾಷನಲ್ ಹೆಸರಿನಲ್ಲಿ ಬಿ-275 ತಂದಿತು. ಬೆಂಗಳೂರಿನವರು ಗಡಿಯಾರದ ಕಂಪನಿ ಎಂದೇ ತಿಳಿದಿದ್ದ ಎಚ್‌ಎಂಟಿ, ಜೆಕ್ ದೇಶದ ಜೀಟರ್ ಮಾದರಿಯನ್ನು ಹಿಡಿದು 1971ರಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರು ಮಾಡತೊಡಗಿತು. ಮಲೆನಾಡಿನ ಗದ್ದೆಗೆ ಇವೆಲ್ಲಕ್ಕಿಂತ ಹೊಂದಿಕೊಂಡದ್ದು ಮಾತ್ರ 1967ರಲ್ಲಿ ಜಪಾನಿನ ಮಿತ್ಸುಬಿಶಿ ಜತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪನಿಯ ಪವರ್ ಟಿಲ್ಲರ್. ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವ ಆ ಟಿಲ್ಲರಿಗೆ ಬ್ಯಾಟರಿಯ ಹಂಗಿಲ್ಲ, ಏರಿನಲ್ಲಿ ನಿಲ್ಲಿಸುವ ಕಷ್ಟವೂ ಇಲ್ಲ. ಹೂಟಿಯ ಕೆಲಸವನ್ನು ಟಿಲ್ಲರಿಗೆ ಬಿಟ್ಟುಕೊಟ್ಟ ಟ್ರ್ಯಾಕ್ಟರು ಇಲ್ಲಿ ಬೇರೆಯೇ ಒಂದು ಉದ್ಯೋಗ ಹಿಡಿಯಿತು. ಅದು ಗಾಡಿಯಾಯಿತು. ತೋಟಕ್ಕೆ ಮಣ್ಣು ಹೊಡೆಯುವುದು, ಗೊಬ್ಬರ, ಸೊಪ್ಪು, ಹುಲ್ಲು ಸಾಗಿಸುವುದು, ಕಲ್ಲುಕಣಿಯಿಂದ ಜಂಬಿಟ್ಟಿಗೆ ತರುವುದು, ಅಡಿಕೆ ಮೂಟೆಯನ್ನು ಸಾಗರದ ಮಂಡಿಗೆ ಮುಟ್ಟಿಸುವುದು.

ಡೈನಮೋ ಇಲ್ಲಿ ಸೋತುಹೋದದ್ದು ಟ್ರ್ಯಾಕ್ಟರು ಹೀಗೆ ಗಾಡಿಯಾದ ಕಾರಣಕ್ಕೆ.

ಹೊಲದಲ್ಲಿ ಹಗಲು ಹೊತ್ತು, ಒಂದೇ ಸಮನೆ ಆಕ್ಸಿಲೇಟರ್ ಎತ್ತಿಟ್ಟು ಉಳುವ ಬಯಲುಸೀಮೆಯ ಟ್ರ್ಯಾಕ್ಟರಿಗೆ ಡೈನಮೋ ಯಥೇಚ್ಛ ಸಾಕು. ಆ ಕಾಲದ ಲ್ಯೂಕಸ್ ಸಿ-40 ಮಾದರಿಯ ಡೈನಮೋ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತಿತ್ತು. ಎರಡು ಹೆಡ್‌ಲೈಟು, ಹಿಂದೊಂದು ನೇಗಿಲಿನ ದೀಪ, ಕೆಂಪು ದೀಪಗಳು ಎಲ್ಲ ಉರಿದರೂ ಹನ್ನೊಂದು ಹನ್ನೆರಡು ಆಂಪಿಯರ್ ದಾಟುವುದಿಲ್ಲ. ಲೆಕ್ಕದಲ್ಲಿ ಕೊರತೆಯೇ ಇಲ್ಲ. ಆದರೆ ಆ 22 ಸಿಗುವುದು ಎಂಜಿನ್ ಚೆನ್ನಾಗಿ ಓಡುತ್ತಿದ್ದಾಗ. ಸ್ಲೋ ಇದ್ದಾಗ ಡೈನಮೋ ಬ್ಯಾಟರಿಗಿಂತ ಕಡಿಮೆ ವೋಲ್ಟೇಜ್ ಹುಟ್ಟಿಸುತ್ತದೆ. ಆಗ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿದು ಡೈನಮೋವನ್ನೇ ಸುಡದಿರಲೆಂದು ಕಟೌಟ್ ಎಂಬ ಪಾರುಪತ್ಯಗಾರ ನಡುವಿನ ಬಾಗಿಲು ಹಾಕುತ್ತಾನೆ. ಸಂಜೆ ಏಳರ ಮೇಲೆ, ಲೋಡು ಹೊತ್ತು, ಹೊಂಡ ತಪ್ಪಿಸುತ್ತ, ತಿರುವಿಗೊಮ್ಮೆ ನಿಧಾನಿಸುತ್ತ ಬರುವ ಮಲೆನಾಡಿನ ಟ್ರ್ಯಾಕ್ಟರಿನಲ್ಲಿ ಆ ಬಾಗಿಲು ಮುಚ್ಚಿದ್ದೇ ಹೆಚ್ಚು. ದೀಪ ಬ್ಯಾಟರಿಯನ್ನು ತಿನ್ನುತ್ತದೆ, ಡೈನಮೋ ತುಂಬಿಕೊಡುವುದಿಲ್ಲ. ಅಮೀಟರಿನ ಮುಳ್ಳು ಎಡಕ್ಕೇ ವಾಲಿಕೊಂಡಿರುತ್ತದೆ. ಮನೆ ತಲುಪುವ ಹೊತ್ತಿಗೆ ಹೆಡ್‌ಲೈಟು ಹಣ್ಣಡಿಕೆಯ ಬಣ್ಣಕ್ಕೆ ತಿರುಗಿರುತ್ತದೆ.

ಮಳೆ ಇನ್ನೊಂದು ಪಾಡು. ಆಗುಂಬೆಯಲ್ಲಿ, ಹೊಸನಗರದ ಹುಲಿಕಲ್ಲಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಸುರಿಯುತ್ತದೆ. ನಟ್ಟಿ ಮುಗಿದಮೇಲೆ ಕೊಟ್ಟಿಗೆ ಸೇರಿದ ಟ್ರ್ಯಾಕ್ಟರು ಹೊರಬರುವುದು ನವರಾತ್ರಿಯ ಆಯುಧಪೂಜೆಗೆ. ಅಷ್ಟರಲ್ಲಿ ಕಟೌಟಿನೊಳಗಿನ ಪುಟ್ಟ ಪಾಯಿಂಟುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ, ಡೈನಮೋದ ಕಮ್ಯುಟೇಟರ್ ಕಪ್ಪಾಗಿರುತ್ತದೆ, ಗಾಳಿಕಂಡಿಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿರುತ್ತದೆ, ವೈರಿನ ಮೇಲುಹೊದಿಕೆಯನ್ನು ಇಲಿ ಕಡಿದಿರುತ್ತದೆ. ಸಾಲದ್ದಕ್ಕೆ, ಡೈನಮೋ ತನ್ನೊಳಗಿನ ಕಬ್ಬಿಣದಲ್ಲಿ ಉಳಿದ ಅಷ್ಟಿಷ್ಟು ಅಯಸ್ಕಾಂತ ಶಕ್ತಿಯನ್ನು ನೆಚ್ಚಿ ಕರೆಂಟು ಹುಟ್ಟಿಸುವ ಯಂತ್ರ. ತಿಂಗಳುಗಟ್ಟಲೆ ನಿಂತರೆ ಕೆಲವೊಮ್ಮೆ ಅದೂ ಹೋಗಿರುತ್ತದೆ. ಎಲೆಕ್ಟ್ರಿಷಿಯನ್ ಬಂದು, ಬ್ಯಾಟರಿಯಿಂದ ಒಂದು ವೈರೆಳೆದು ಎಫ್ ಟರ್ಮಿನಲ್ಲಿಗೆ ಕ್ಷಣಕಾಲ ಮುಟ್ಟಿಸಿ ತೆಗೆಯುತ್ತಾನೆ. ಚಟ್ ಎಂದು ಒಂದು ಕಿಡಿ. ಮರೆತದ್ದು ನೆನಪಾದಂತೆ ಡೈನಮೋ ಮತ್ತೆ ಚಾರ್ಜ್ ಎತ್ತುತ್ತದೆ. ನೋಡುವವರಿಗೆ ಇದು ಮಂತ್ರ ಹಾಕಿದಂತೆ ಕಂಡರೆ ತಪ್ಪಿಲ್ಲ.

ಈ ಮಂತ್ರವಿದ್ಯೆಯ ಅತಿ ಸೂಕ್ಷ್ಮ ಭಾಗ ಕಟೌಟಿನದು. ಎಂಜಿನ್ ಪಕ್ಕ ಬೋಲ್ಟು ಹಾಕಿ ಕೂರಿಸಿದ ಅಂಗೈಯಗಲದ ಕರಿ ಪೆಟ್ಟಿಗೆ. ಒಳಗೆ ಎರಡು ಸುರುಳಿ, ಒಂದು ಬಾಗಿಲು ಕಾಯುವುದು, ಇನ್ನೊಂದು ವೋಲ್ಟೇಜ್ ಹಿಡಿತದಲ್ಲಿಡುವುದು. ಅಡಿಯಲ್ಲಿ ಎಫ್, ಎ, ಎ-1, ಡಿ, ಇ ಎಂದು ಐದು ಅಕ್ಷರ. ಸ್ಪ್ರಿಂಗನ್ನು ಒಂದೆಳೆ ಬಿಗಿಮಾಡಿದರೆ ಬ್ಯಾಟರಿ ಕುದಿಯುತ್ತದೆ, ಒಂದೆಳೆ ಸಡಿಲಿಸಿದರೆ ಚಾರ್ಜೇ ಇಲ್ಲ. ಉಪ್ಪುಕಾಗದದ ಚೂರಿನಿಂದ ಪಾಯಿಂಟ್ ಉಜ್ಜಿ, ಕಿವಿಗೊಟ್ಟು ಟಿಕ್ ಎನ್ನುವ ಸದ್ದು ಕೇಳಿ, ಅಮೀಟರಿನ ಮುಳ್ಳು ನೋಡಿ ಅದನ್ನು ಹದಕ್ಕೆ ತರುತ್ತಿದ್ದವರ ಕೈಗಳನ್ನು ಗಂಧ ಕೆತ್ತುವ ಸಾಗರದ ಗುಡಿಗಾರರ ಕೈಗಳ ಪಕ್ಕದಲ್ಲಿಟ್ಟು ನೋಡಿದರೆ ಉತ್ಪ್ರೇಕ್ಷೆಯೇನೂ ಆಗದು. ಗಂಧದ ತುಂಡಿಗೆ ಪ್ರಶಸ್ತಿ ಉಂಟು, ಕಟೌಟಿಗಿಲ್ಲ, ಅಷ್ಟೆ.

ಆಲ್ಟರ್ನೇಟರಿನ ತತ್ವ ಹೊಸತಲ್ಲ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದನ್ನು ಮರುವರ್ಷವೇ ಪ್ಯಾರಿಸ್ಸಿನ ಪಿಕ್ಸಿ ಎಂಬಾತ ತಿರುಗುವ ಅಯಸ್ಕಾಂತದ ಯಂತ್ರವಾಗಿಸಿದ್ದ. ಅದರಿಂದ ಬಂದದ್ದು ಎ.ಸಿ.ಯೇ. ಗಾಡಿಯ ಬ್ಯಾಟರಿಗೆ ಡಿ.ಸಿ. ಬೇಕು, ಎ.ಸಿ.ಯನ್ನು ಡಿ.ಸಿ. ಮಾಡುವ ಅಗ್ಗದ, ಪುಟ್ಟ ಸಾಧನ ಇರಲಿಲ್ಲ. ಹೀಗಾಗಿ ಅರ್ಧ ಶತಮಾನ ಗಾಡಿಗಳೆಲ್ಲ ಡೈನಮೋವನ್ನೇ ಹೊತ್ತವು. ಸಿಲಿಕಾನ್ ಡಯೋಡ್ ಬಂದಮೇಲೆ ಲೆಕ್ಕ ಬದಲಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನೇ ಕೂರಿಸಿತು. ನಮ್ಮಲ್ಲಿ ಬ್ರಿಟನ್ನಿನ ಲ್ಯೂಕಸ್ ಜತೆ ಟಿವಿಎಸ್ ಸೇರಿ 1961ರಲ್ಲಿ ಲ್ಯೂಕಸ್-ಟಿವಿಎಸ್ ಕಟ್ಟಿದರು. ಅದರ ಕಾರ್ಖಾನೆಯಿಂದ ಮೊದಲು ಡೈನಮೋ, ಮುಂದೆ ಆಲ್ಟರ್ನೇಟರ್ ಬಂದು ನಿಧಾನಕ್ಕೆ ಹೊಸ ಟ್ರ್ಯಾಕ್ಟರುಗಳನ್ನು ಏರಿದವು.

ಎರಡರ ವ್ಯತ್ಯಾಸವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಡೈನಮೋದಲ್ಲಿ ಕರೆಂಟು ಹುಟ್ಟುವ ಭಾರದ ಸುರುಳಿಯೇ ತಿರುಗುತ್ತದೆ. ಆಲ್ಟರ್ನೇಟರಿನಲ್ಲಿ ಅದು ನಿಂತಿರುತ್ತದೆ, ನಡುವೆ ಅಯಸ್ಕಾಂತವಾಗುವ ಉಗುರುಗಳ ಉಂಡೆ ತಿರುಗುತ್ತದೆ. ಡೈನಮೋವನ್ನು ಅತಿವೇಗವಾಗಿ ತಿರುಗಿಸಿದರೆ ಸುರುಳಿ ಕಿತ್ತು ಹೊರಗೆ ಬರುತ್ತದೆ, ಹಾಗಾಗಿ ಅದಕ್ಕೆ ದೊಡ್ಡ ಪುಲ್ಲಿ ಹಾಕಿ ನಿಧಾನ ತಿರುಗಿಸಬೇಕು. ಆಲ್ಟರ್ನೇಟರಿಗೆ ಆ ಭಯವಿಲ್ಲ. ಸಣ್ಣ ಪುಲ್ಲಿ ಹಾಕಿ ಎಂಜಿನ್ನಿಗಿಂತ ಎಷ್ಟೋ ಪಟ್ಟು ಜೋರಾಗಿ ತಿರುಗಿಸಬಹುದು. ಎಂಜಿನ್ ಸ್ಲೋನಲ್ಲಿ ಗೊರಗುಡುತ್ತಿದ್ದರೂ ಅದು ಚಾರ್ಜ್ ಕೊಡುವುದು ಈ ಕಾರಣದಿಂದ. ಡಯೋಡು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಬಾಗಿಲು ಕಾಯುವ ಕಟೌಟೂ ಬೇಡ. ಮಲೆನಾಡಿನ ರಸ್ತೆಗೆ ಹೇಳಿ ಮಾಡಿಸಿದ ಯಂತ್ರ.

ಹೊಸ ಟ್ರ್ಯಾಕ್ಟರು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಹಳೆಯದರ ಎಂಜಿನ್ ಇನ್ನೂ ಗಟ್ಟಿಯಾಗಿತ್ತು. ಹೀಗಾಗಿ ಹಳೆ ಗಾಡಿಗೆ ಹೊಸ ಆಲ್ಟರ್ನೇಟರ್ ಕೂರಿಸುವುದೇ ಪೇಟೆಯ ಎಲೆಕ್ಟ್ರಿಷಿಯನ್ನರ ಖಾಯಂ ಕೆಲಸಗಳಲ್ಲಿ ಒಂದಾಯಿತು. ಇಂಥ ಅಂಗಡಿಯ ಮಾತುಕತೆ ಹೆಚ್ಚುಕಡಿಮೆ ಒಂದೇ ಧಾಟಿಯದ್ದು.

“ಎಂತ ಆಯ್ತು ಗೌಡ್ರೆ?”

“ಡೈನಮೋ ಮತ್ತೆ ಸತ್ತಿತು ಮಾರಾಯ. ಕಳೆದ ಸಲ ಕಾರ್ಬನ್ ಹಾಕಿ ಕೊಟ್ಟಿದ್ದೆಯಲ್ಲ, ಎರಡು ತಿಂಗಳೂ ಬರ್ಲಿಲ್ಲ.”

“ಅದಕ್ಕೆ ಇನ್ನೆಷ್ಟು ಸಲ ಔಷಧಿ ಮಾಡ್ತೀರಿ? ತೆಗೆದು ಆಲ್ಟರ್ನೇಟರ್ ಹಾಕ್ಸಿ. ರಾತ್ರಿ ಲೋಡ್ ಹೊಡೆಯೋರು ನೀವು.”

ಇಲ್ಲಿಂದ ಮುಂದೆ ಮೊದಲು ಲೇತಿನವನ, ವೆಲ್ಡಿಂಗಿನವನ ಕೆಲಸ. ಡೈನಮೋ ಉದ್ದನೆಯ ಕೊಳವೆ, ಆಲ್ಟರ್ನೇಟರ್ ಗಿಡ್ಡನೆಯ ದಪ್ಪ ಉಂಡೆ. ಒಂದರ ಬ್ರ್ಯಾಕೆಟ್ಟು ಇನ್ನೊಂದಕ್ಕೆ ಕೂರುವುದಿಲ್ಲ. ಹಳೆಯ ಆಂಗಲ್ ಪಟ್ಟಿ ಕತ್ತರಿಸಿ, ತೂತು ಕೊರೆದು, ವಾಷರುಗಳನ್ನು ತುಂಬಿ, ಕ್ರ್ಯಾಂಕಿನ ಪುಲ್ಲಿಗೂ ಇದರ ಪುಲ್ಲಿಗೂ ಒಂದೇ ಗೆರೆ ಬರುವಂತೆ ಮಾಡಬೇಕು. ಗೆರೆ ಕೂದಲೆಳೆ ತಪ್ಪಿದರೂ ಫ್ಯಾನ್‌ಬೆಲ್ಟ್ ಕಿರುಚಿ, ನಾರು ನಾರಾಗಿ, ಎಲ್ಲೋ ಕಾಡಿನ ನಡುವೆ ಕಿತ್ತುಹೋಗುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟು ಅರ್ಧ ಇಂಚು ಬಗ್ಗಬೇಕು. ಇದಕ್ಕೆ ಹೆಬ್ಬೆರಳಿಗಿಂತ ಒಳ್ಳೆಯ ಅಳತೆಗೋಲು ಇನ್ನೂ ಬಂದಿಲ್ಲ.

ಆಮೇಲೆ ವೈರಿಂಗ್. ಮೊದಲ ಪ್ರಶ್ನೆ, ಬಾಡಿ ಅರ್ಥ್ ಯಾವುದು? 1950ರ ದಶಕದ ಬ್ರಿಟಿಷ್ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನು ಬಾಡಿಗೆ ಕೊಡುವ ರೂಢಿ ಇತ್ತು. ಆಲ್ಟರ್ನೇಟರಿಗೆ ಮೈನಸ್ಸೇ ಬಾಡಿಯಾಗಬೇಕು. ಡೈನಮೋ ಆದರೆ ಹೇಗಿಟ್ಟರೂ ಫ್ಲ್ಯಾಶ್ ಕೊಟ್ಟು ಒಪ್ಪಿಸಬಹುದು. ಆಲ್ಟರ್ನೇಟರಿಗೆ ಬ್ಯಾಟರಿ ತಿರುಗುಮುರುಗಾಗಿ ಕೊಟ್ಟರೆ ಡಯೋಡುಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಸುಟ್ಟು ಹೋಗುತ್ತವೆ. ಆದ್ದರಿಂದ ಮೊದಲು ಬ್ಯಾಟರಿ ತಿರುಗಿಸಿ, ಅಮೀಟರಿನ ಎರಡು ವೈರು ಅದಲುಬದಲು ಮಾಡಿಕೊಳ್ಳಬೇಕು. ಸೆಲ್ಫ್ ಮೋಟರ್ ಮಾತ್ರ ಇದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ, ಪ್ಲಸ್ಸು ಎತ್ತಲಿಂದ ಬಂದರೂ ಅದು ತಿರುಗುವುದು ಒಂದೇ ಕಡೆಗೆ.

ಕರಿ ಪೆಟ್ಟಿಗೆಯ ಐದು ಅಕ್ಷರಗಳ ಕತೆ ಇಲ್ಲಿ ಮುಗಿಯುತ್ತದೆ. ಡೈನಮೋದಿಂದ ಬರುತ್ತಿದ್ದ ದಪ್ಪ ವೈರನ್ನು ಡಿ ಯಿಂದ ಬಿಚ್ಚಿ ಎ ಮತ್ತು ಎ-1ರ ವೈರುಗಳ ಜತೆ ಕೂಡಿಸುತ್ತಾರೆ. ಅದರ ಇನ್ನೊಂದು ತುದಿ ಆಲ್ಟರ್ನೇಟರಿನ ಬಿ ಪ್ಲಸ್ಸಿಗೆ ಹೋಗುತ್ತದೆ. ಡಿ ಯಲ್ಲೇ ಕೂತಿದ್ದ ವಾರ್ನಿಂಗ್ ದೀಪದ ತೆಳು ವೈರನ್ನು ಎಫ್‌ನ ವೈರಿಗೆ ಸೇರಿಸಿ, ಆ ವೈರಿನ ತುದಿಯನ್ನು ಆಲ್ಟರ್ನೇಟರಿನ ಇಂಡಿಕೇಟರ್ ಟರ್ಮಿನಲ್ಲಿಗೆ ಕೊಡುತ್ತಾರೆ. ಇ ಯಲ್ಲಿದ್ದದ್ದು ಬಾಡಿಗೆ. ಇಷ್ಟೇ. ಹೊಸ ವೈರೊಂದನ್ನೂ ಎಳೆಯದೆ ಮುಗಿಸಬಹುದು. ಆದರೆ ಜಾಣರು ಅಷ್ಟಕ್ಕೆ ನಿಲ್ಲಿಸುವುದಿಲ್ಲ. 22 ಆಂಪಿಯರಿಗೆಂದು ಹಾಕಿದ್ದ ವೈರಿನಲ್ಲಿ ಆಲ್ಟರ್ನೇಟರಿನ 36 ಆಂಪಿಯರ್ ಹರಿದರೆ ವೈರು ಬಿಸಿಯಾಗುತ್ತದೆ, 30ರವರೆಗಷ್ಟೇ ಗೆರೆಯಿರುವ ಅಮೀಟರಿನ ಮುಳ್ಳು ಬಾಗಿ ಕೂರುತ್ತದೆ. ಆದ್ದರಿಂದ ಬಿ ಪ್ಲಸ್ಸಿನಿಂದ ಒಂದು ದಪ್ಪ ಕೇಬಲನ್ನು ನೇರ ಸೆಲ್ಫಿನ ಮೇಲೆ ಬ್ಯಾಟರಿ ಕೇಬಲ್ ಸೇರುವ ಬೋಲ್ಟಿಗೇ ಕೊಟ್ಟು, ಅಮೀಟರಿಗೆ ನಿವೃತ್ತಿ ಕೊಡುತ್ತಾರೆ. ಇಲಿಯ ನೆನಪಿರುವವರು ಕೇಬಲಿನ ಮೇಲೊಂದು ಪೈಪನ್ನೂ ತೊಡಿಸುತ್ತಾರೆ.

ವಾರ್ನಿಂಗ್ ದೀಪದ ವಿಷಯ ತುಸು ಬಿಡಿಸಿ ಹೇಳಬೇಕು, ಯಾಕೆಂದರೆ ಮೊದಮೊದಲು ಎಲ್ಲರೂ ಎಡವಿದ್ದು ಇಲ್ಲಿ. ಡೈನಮೋ ಗಾಡಿಯಲ್ಲಿ ಆ ಕೆಂಪು ಬಲ್ಬು ಬರಿಯ ಸುದ್ದಿಗಾರ. ಸುಟ್ಟುಹೋದರೂ ಚಾರ್ಜಿಂಗ್ ನಡೆಯುತ್ತದೆ. ಆಲ್ಟರ್ನೇಟರ್ ಗಾಡಿಯಲ್ಲಿ ಅದೇ ಬಲ್ಬಿನ ಮೂಲಕ ಹರಿಯುವ ಚಿಟಿಕೆ ಕರೆಂಟು ಒಳಗಿನ ಉಂಡೆಯನ್ನು ಅಯಸ್ಕಾಂತ ಮಾಡಿ ಕೆಲಸಕ್ಕೆ ಎಬ್ಬಿಸುತ್ತದೆ. ಎದ್ದಮೇಲೆ ಆಲ್ಟರ್ನೇಟರ್ ತನ್ನ ಕರೆಂಟನ್ನು ತಾನೇ ತಿಂದು ಬದುಕುತ್ತದೆ, ಬಲ್ಬು ಆರುತ್ತದೆ. ಎರಡು ವ್ಯಾಟಿನ ಬಲ್ಬು ಸುಟ್ಟರೆ ಸಾವಿರಾರು ರೂಪಾಯಿಯ ಯಂತ್ರ ಏಳುವುದೇ ಇಲ್ಲ, ಅಥವಾ ಎಂಜಿನನ್ನು ಜೋರಾಗಿ ರೇಸ್ ಮಾಡಿದಮೇಲೆ ಎದ್ದರೂ ಎದ್ದೀತು. ಬಲ್ಬೊಂದು ಹೋಗಿದ್ದಕ್ಕೆ ಆಲ್ಟರ್ನೇಟರ್ ಬಿಚ್ಚಿ ಶಿವಮೊಗ್ಗದವರೆಗೆ ಹೊತ್ತವರ ಕತೆ ಪ್ರತಿ ಅಂಗಡಿಯಲ್ಲೂ ಒಂದಾದರೂ ಸಿಗುತ್ತದೆ. ಹೇಳುವವರು ಅದನ್ನು ಪಕ್ಕದ ಅಂಗಡಿಯವನ ಮೇಲೆ ಹಾಕಿ ಹೇಳುತ್ತಾರೆ.

ಕಲಿತದ್ದಕ್ಕಿಂತ ಕಷ್ಟವಾದದ್ದು ಹಳೆಯದನ್ನು ಮರೆಯುವುದು. ಡೈನಮೋ ಕಾಲದಲ್ಲಿ ಚಾರ್ಜ್ ಆಗುತ್ತಿದೆಯೇ ನೋಡಲು ಒಂದು ಸುಲಭದ ಪರೀಕ್ಷೆ ಇತ್ತು: ಎಂಜಿನ್ ಓಡುತ್ತಿದ್ದಾಗಲೇ ಬ್ಯಾಟರಿಯ ಒಂದು ಟರ್ಮಿನಲ್ ಕಿತ್ತು ಹೆಡ್‌ಲೈಟ್ ಹಾಕುವುದು. ದೀಪ ಉರಿದರೆ ಡೈನಮೋ ಸರಿಯಿದೆ. ಕೈಗೆ ಅಂಟಿದ ಈ ಅಭ್ಯಾಸ ಆಲ್ಟರ್ನೇಟರಿಗೆ ಮರಣಶಾಸನವಾಯಿತು. ಬ್ಯಾಟರಿ ಎಂಬ ಒಡ್ಡು ತಟ್ಟನೆ ತಪ್ಪಿದರೆ ವೋಲ್ಟೇಜ್ ಕಟ್ಟೆಯೊಡೆದ ಹಾಗೆ ಮೇಲೇರಿ ರೆಗ್ಯುಲೇಟರನ್ನೋ ಡಯೋಡನ್ನೋ ಹೊಡೆದುಹಾಕುತ್ತದೆ. ಟ್ರೇಲರಿನ ಕೊಂಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ, ಆಲ್ಟರ್ನೇಟರುಗಳ ವೈರು ಬಿಡಿಸಬೇಕು ಎನ್ನುವುದನ್ನೂ ಜನ ನಷ್ಟ ಮಾಡಿಕೊಂಡೇ ಕಲಿತರು. ಕಿವಿಯಿಂದ ಕೇಳಿ, ಕಿಡಿಯಿಂದ ತಿಳಿದು ನಡೆಸುತ್ತಿದ್ದ ಕಸುಬಿಗೆ ಮಲ್ಟಿಮೀಟರ್ ಬಂದದ್ದು ಈ ಹೊತ್ತಿನಲ್ಲೇ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14 ವೋಲ್ಟು ದಾಟಿ ಸ್ವಲ್ಪ ತೋರಿಸಿದರೆ ಎಲ್ಲ ಸರಿ. ಸಂಖ್ಯೆ ಬಂತು, ಕಿವಿಯ ಮಾನ ಸ್ವಲ್ಪ ಇಳಿಯಿತು.

ಇಷ್ಟೆಲ್ಲ ಒದ್ದಾಟ ಬರೀ ಟ್ರ್ಯಾಕ್ಟರಿನ ದೀಪಕ್ಕಾಗಿ ಎಂದುಕೊಂಡರೆ ಅರ್ಧ ಮಾತ್ರ ನಿಜ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ವಾರಗಟ್ಟಲೆ ಕರೆಂಟಿಲ್ಲದ ಮನೆಗಳಲ್ಲಿ 12 ವೋಲ್ಟಿನ ಬ್ಯಾಟರಿಯೊಂದು ಸಂಪತ್ತು. 1987, 88ರ ಭಾನುವಾರಗಳ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದ ಕಾಲದಲ್ಲಿ ಪುಟ್ಟ ಕಪ್ಪುಬಿಳುಪು ಟಿ.ವಿ.ಗೆ ಇಂಥ ಬ್ಯಾಟರಿ ಜೋಡಿಸಿ ಕೇರಿಯೆಲ್ಲ ಕೂತು ನೋಡುವುದಿತ್ತು. ಮದುವೆಮನೆಯ ಮೈಕ್‌ಸೆಟ್ಟಿನ ಆಂಪ್ಲಿಫಯರೂ ಅದೇ 12 ವೋಲ್ಟಿಗೆ ಹಾಡುತ್ತಿತ್ತು. ಸಂಜೆ ಬ್ಯಾಟರಿ ಬರಿದು. ಮರುದಿನ ಮತ್ತೆ ಟ್ರ್ಯಾಕ್ಟರಿಗೆ ಹಾಕಿ, ಇಳಿಜಾರಿನಲ್ಲಿ ಉರುಳಿಸಿ, ಎಂಜಿನ್ ಓಡಿಸಿ ತುಂಬಿಸುವುದು. ಡೈನಮೋಗೆ ಇದು ದಿನವಿಡೀ ಹಿಡಿಯುವ ಕೆಲಸವಾಗಿತ್ತು. ಬ್ಯಾಟರಿಯಿಂದ ಮನೆ ಬೆಳಗುವ ಈ ರೂಢಿ ಮೊದಲೇ ಇದ್ದುದರಿಂದಲೋ ಏನೋ, 1995ರಲ್ಲಿ ಶುರುವಾದ ಸೆಲ್ಕೋ ಕಂಪನಿಯವರು ಸೋಲಾರ್ ದೀಪ ಹೊತ್ತು ಈ ಭಾಗಕ್ಕೆ ಬಂದಾಗ 12 ವೋಲ್ಟು ಎಂದರೇನೆಂದು ಹೆಚ್ಚು ವಿವರಿಸಬೇಕಾಗಿರಲಿಕ್ಕಿಲ್ಲ. ಮನೆ ಹಿಂದಿನ ಹಳ್ಳಕ್ಕೆ ಪುಟ್ಟ ಚಕ್ರ ಕೂರಿಸಿ ಒಂದು ಕಿಲೋವ್ಯಾಟ್ ಆಸುಪಾಸಿನ ಕರೆಂಟು ತೆಗೆಯುವ ಮನೆಗಳೂ ಪಶ್ಚಿಮಘಟ್ಟದ ಕಾಡಂಚಿನಲ್ಲಿವೆ. ಜೋಗದ ಮರಿಮಕ್ಕಳು ಅವು.

ಹಿನ್ನೀರಿನ ಆಚೆ ದಡದ ಟ್ರ್ಯಾಕ್ಟರುಗಳದ್ದು ಇನ್ನೂ ಒಂದು ಪೇಚಾಟವಾಗಿತ್ತು. ಸಾಗರ ಪೇಟೆಗೆ ಬರಬೇಕೆಂದರೆ ಹೊಳೆಬಾಗಿಲಿನಲ್ಲಿ ಲಾಂಚು ಏರಬೇಕಿತ್ತು. ಲಾಂಚಿನ ತಟ್ಟೆ ಸಮತಟ್ಟು; ಅಲ್ಲಿ ಎಂಜಿನ್ ನಿಲ್ಲಿಸಿ, ಆಚೆ ದಡದಲ್ಲಿ ಸೆಲ್ಫ್ ಹೊಡೆಯದಿದ್ದರೆ ತಳ್ಳಲು ಪ್ರಯಾಣಿಕರೇ ಗತಿಯಾಗುತ್ತಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈ 14ರಂದು ತೆರೆದು ಆ ಕಷ್ಟವನ್ನು ಮುಗಿಸಿತು.

ಹೊಸ ಟ್ರ್ಯಾಕ್ಟರುಗಳಿಗೆ ಈ ಯಾವ ತಲೆನೋವೂ ಇಲ್ಲ. ಎಚ್‌ಎಂಟಿ ತನ್ನ ಟ್ರ್ಯಾಕ್ಟರು ಘಟಕವನ್ನು 2016ರಲ್ಲಿ ಮುಚ್ಚಿತು. ಅದರ ಗಾಡಿಗಳು ಇನ್ನೂ ಅಲ್ಲಲ್ಲಿ ಮಣ್ಣು ಹೊರುತ್ತಿವೆ. ಡೈನಮೋಗೆ ಆರ್ಮೇಚರ್ ಸುತ್ತಬಲ್ಲವರು ಈಗ ಪೇಟೆಗೊಬ್ಬರಿದ್ದರೆ ಹೆಚ್ಚು. ಇಳಿಸಿದ ಡೈನಮೋ ತಾಮ್ರದ ತೂಕಕ್ಕೆ ಗುಜರಿಗೆ ಹೋಗುತ್ತದೆ. ಕಟೌಟ್ ಪೆಟ್ಟಿಗೆಯನ್ನು ಮಾತ್ರ ಬಹಳಷ್ಟು ಎಲೆಕ್ಟ್ರಿಷಿಯನ್ನರು ಕಿತ್ತೆಸೆಯುವುದಿಲ್ಲ. ಒಳಗಿನ ಸುರುಳಿಗಳನ್ನು ತೆಗೆದು, ಅಥವಾ ಹಾಗೇ ಬಿಟ್ಟು, ಅದರ ಹಿತ್ತಾಳೆಯ ಸ್ಕ್ರೂಗಳನ್ನು ವೈರು ಕೂಡಿಸುವ ಜಾಗವಾಗಿ ಬಳಸಿಕೊಳ್ಳುತ್ತಾರೆ. ಬಾನೆಟ್ ಎತ್ತಿದರೆ ಅದು ಅಲ್ಲೇ ಕೂತಿರುತ್ತದೆ, ಎಫ್, ಎ, ಎ-1, ಡಿ, ಇ ಎಂಬ ಅಕ್ಷರಗಳ ಮೇಲೆ ಗ್ರೀಸು ಮೆತ್ತಿಕೊಂಡು. ಟ್ರ್ಯಾಕ್ಟರು ಈಗ ಅಂಗಳದಲ್ಲೇ ನಿಲ್ಲುತ್ತದೆ. ಜಂಬಿಟ್ಟಿಗೆ ಕಲ್ಲನ್ನು ಮಾತ್ರ ಗೌಡರು ಸೀಟಿನ ಹಿಂದೆ ಇಟ್ಟುಕೊಂಡೇ ಇರುತ್ತಾರೆ.